ಗೊತ್ತಿದ್ದದ್ದು ಪರೀಕ್ಷಾ ಕೊಠಡಿಯಲ್ಲಿ ಯಾಕೆ ಕೈಕೊಡುತ್ತದೆ?

ಪೂರ್ವಸಿದ್ಧತಾ ಪರೀಕ್ಷೆಗಳು ಮುಗಿಯುತ್ತಿದ್ದಂತೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಮಕ್ಕಳು, ಪಾಲಕರಿಂದ ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ. ಬರೆದವರ ಹೆಸರು, ಶಾಲೆ, ಊರು ಬಿಟ್ಟಿದ್ದೇವೆ. 'ಹೆದರಬೇಡ, ಧೈರ್ಯವಾಗಿರು' ಎಂಬ ಮಾತನ್ನು ಈ ಮಕ್ಕಳೆಲ್ಲ ಸಾಕಷ್ಟು ಕೇಳಿದ್ದಾರೆ. ಆ ಮಾತಿನಿಂದ ಭಯ ಇಳಿಯುವುದಿಲ್ಲ. ಓದುವ ರೀತಿ ಬದಲಾದರೆ, ಉಸಿರು ಹಿಡಿತಕ್ಕೆ ಬಂದರೆ ಇಳಿಯುತ್ತದೆ. ಹಾಗಾಗಿ ಉತ್ತರಗಳಲ್ಲಿ ಉಪದೇಶಕ್ಕಿಂತ ಮಾಡಬೇಕಾದ ಕೆಲಸವೇ ಹೆಚ್ಚಿದೆ.

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಓದ್ತಿದ್ದೀನಿ. ಗಣಿತದ ಪುಸ್ತಕದ ಲೆಕ್ಕಗಳನ್ನೆಲ್ಲ ಎರಡೆರಡು ಸಲ ನೋಡಿದ್ದೀನಿ, ಮನೇಲಿ ಎಲ್ಲಾ ಬರುತ್ತೆ. ಪೂರ್ವಸಿದ್ಧತಾ ಪರೀಕ್ಷೇಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಎದೆ ಡವಡವ ಅಂತು, ಬೆರಳ ತುದಿ ಜುಮ್ಮೆಂದವು, ಸಮಾಂತರ ಶ್ರೇಢಿಯ ಸೂತ್ರವೂ ನೆನಪಾಗಲಿಲ್ಲ. ಹೊರಗೆ ಬಂದು ಕೂತ ಮೇಲೆ ಎಲ್ಲಾ ನೆನಪಾಯ್ತು. ನನಗೆ ನೆನಪಿನ ಶಕ್ತಿ ಕಡಿಮೆಯಾ? ಟಾನಿಕ್ ತಗೋಬೇಕಾ?

ಉತ್ತರ: ಟಾನಿಕ್ ಬೇಡಮ್ಮ. ಹೊರಗೆ ಬಂದ ಮೇಲೆ ಸೂತ್ರ ನೆನಪಾಯಿತು ಎಂದರೆ ಅದು ತಲೆಯಲ್ಲೇ ಇತ್ತು, ಆ ಹೊತ್ತಿಗೆ ಕೈಗೆ ಸಿಗಲಿಲ್ಲ ಅಷ್ಟೆ. ಯಾಕೆ ಸಿಗಲಿಲ್ಲ ಎನ್ನುವುದಕ್ಕೆ ಎರಡು ಕಾರಣಗಳಿವೆ. ಎರಡನ್ನೂ ಪರೀಕ್ಷೆಗೆ ಮೊದಲೇ ಸರಿಪಡಿಸಿಕೊಳ್ಳಬಹುದು.

ಮೊದಲು ದೇಹದ ವಿಷಯ. ಭಯವಾದಾಗ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಎದೆಬಡಿತ ಜೋರಾಗುತ್ತದೆ, ಗೊತ್ತಿಲ್ಲದೆಯೇ ಉಸಿರು ಮೇಲುಮೇಲೆ, ಬೇಗಬೇಗ ಆಡುತ್ತದೆ. ಹೀಗೆ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇರಬೇಕಾದ್ದಕ್ಕಿಂತ ಕಡಿಮೆಯಾಗುತ್ತದೆ. ಬೆರಳ ತುದಿ ಜುಮ್ಮೆನ್ನುವುದು, ತಲೆ ಹಗುರಾಗಿ ತೇಲಿದಂತಾಗುವುದು ಇದರಿಂದಲೇ. ಅಪಾಯವೇನೂ ಇಲ್ಲ. ಆದರೆ ಕಾರಣ ಗೊತ್ತಿಲ್ಲದಿದ್ದರೆ 'ನನಗೇನೋ ಆಗ್ತಿದೆ' ಎಂದು ಭಯ ಇನ್ನೂ ಏರುತ್ತದೆ. ಇನ್ನೊಂದು ಸಂಗತಿ: ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ಕೆಲವೇ ವಿಷಯಗಳನ್ನು. 'ಫೇಲಾದರೆ ಅಪ್ಪ ಏನಂತಾರೆ' ಎಂಬ ಯೋಚನೆ ಅದರಲ್ಲಿ ಅರ್ಧ ಜಾಗ ತಿಂದರೆ, ಲೆಕ್ಕದ ಮಧ್ಯದ ಹಂತಗಳಿಗೆ ಜಾಗ ಉಳಿಯುವುದಿಲ್ಲ. ಕನ್ನಡ ಪತ್ರಿಕೆಗಿಂತ ಗಣಿತದಲ್ಲೇ ಹೆಚ್ಚು ಮಕ್ಕಳಿಗೆ ಹೀಗಾಗುವುದು ಅದಕ್ಕೇ.

ಎರಡನೆಯದು ಓದಿನ ವಿಷಯ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. ಲೆಕ್ಕಗಳನ್ನು ಎರಡು ಸಲ ನೋಡಿದ್ದೀಯ. ಪುಸ್ತಕ ಮುಚ್ಚಿಟ್ಟು ಎಷ್ಟು ಮಾಡಿದ್ದೀಯ? ಬಿಡಿಸಿದ ಲೆಕ್ಕ ಕಣ್ಣ ಮುಂದಿದ್ದಾಗ 'ಗೊತ್ತು' ಅನ್ನಿಸುವುದು ಬೇರೆ, ಖಾಲಿ ಹಾಳೆಯ ಮುಂದೆ ಕೂತು ತಲೆಯಿಂದ ಹೊರಗೆ ತೆಗೆಯುವುದು ಬೇರೆ. ಪರೀಕ್ಷೆ ಕೇಳುವುದು ಎರಡನೆಯದನ್ನು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಪಾಠ ಪಕ್ಕಕ್ಕಿಟ್ಟು ನೆನಪಾದದ್ದನ್ನೆಲ್ಲ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಬರೆದವರಿಗೆ ಸುಮಾರು ಶೇ 56ರಷ್ಟು ನೆನಪಿತ್ತು, ಬರೀ ಓದಿದವರಿಗೆ ಸುಮಾರು ಶೇ 42. ಮನೆಯಲ್ಲಿ ಎಲ್ಲ ಬಂದು ಹಾಲ್‌ನಲ್ಲಿ ಕೈಕೊಡುವುದರ ಅರ್ಧ ಗುಟ್ಟು ಇಲ್ಲಿದೆ.

ಇವತ್ತಿನಿಂದ ಹೀಗೆ ಮಾಡು. ಒಂದು ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ರಫ್ ಹಾಳೆಯಲ್ಲಿ ಆ ಅಧ್ಯಾಯದ ಸೂತ್ರಗಳನ್ನೆಲ್ಲ ಬರಿ. ಬಿಟ್ಟುಹೋದದ್ದನ್ನು ಕೆಂಪು ಪೆನ್ನಲ್ಲಿ ಸೇರಿಸು. ಮಾರನೇ ದಿನ, ಮೂರು ದಿನ ಬಿಟ್ಟು, ಒಂದು ವಾರ ಬಿಟ್ಟು ಇದನ್ನೇ ಮತ್ತೆ ಮಾಡು. ಮೊದಲ ಸಲ ಅರ್ಧವೂ ಬರುವುದಿಲ್ಲ, ಬೇಜಾರಾಗುತ್ತದೆ. ಎಷ್ಟೋ ಮಕ್ಕಳು ಇಲ್ಲೇ ಕೈಬಿಟ್ಟು ಮತ್ತೆ ಓದುವುದಕ್ಕೆ ಹೋಗುತ್ತಾರೆ. ನೀನು ಬಿಡಬೇಡ. ತಡಕಾಡಿ ನೆನಪಿಸಿಕೊಂಡದ್ದೇ ಗಟ್ಟಿಯಾಗಿ ನಿಲ್ಲುವುದು.

ವಾರಕ್ಕೆ ಎರಡು ಮಾದರಿ ಪ್ರಶ್ನೆಪತ್ರಿಕೆಗಳನ್ನು ನಿಜವಾದ ಪರೀಕ್ಷೆಯ ಹಾಗೇ ಬರಿ. ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಅವು ಸಿಗುತ್ತವೆ, ನಿಮ್ಮ ಗಣಿತದ ಮೇಷ್ಟ್ರನ್ನು ಕೇಳಿದರೆ ಪ್ರಿಂಟ್ ಕೊಡುತ್ತಾರೆ. ಹಾಸಿಗೆ ಮೇಲಲ್ಲ, ಮೇಜಿನ ಮುಂದೆ. ಬೆಳಿಗ್ಗೆ ಪರೀಕ್ಷೆ ಶುರುವಾಗುವ ಹೊತ್ತಿಗೇ ಕೂರಬೇಕು. ಮನೆಯಲ್ಲಿ ಆಗದಿದ್ದರೆ ಭಾನುವಾರ ಶಾಲೆಯ ಒಂದು ಕೊಠಡಿ ತೆಗೆಸಿಕೊಳ್ಳಿ, ನಾಲ್ಕು ಜನ ಗೆಳತಿಯರು ದೂರದೂರ ಕೂತು ಬರೆಯಿರಿ. ಭಯಪಡುವ ಜಾಗದಲ್ಲೇ, ಭಯಪಡುವ ಹೊತ್ತಿನಲ್ಲೇ ನಾಲ್ಕೈದು ಸಲ ಕೂತರೆ ದೇಹಕ್ಕೆ ಅದು ಹೊಸತಾಗಿ ಉಳಿಯುವುದಿಲ್ಲ.

ಉಸಿರಿನ ಅಭ್ಯಾಸ ಹೀಗೆ: ಒಂದು ಕೈ ಹೊಟ್ಟೆ ಮೇಲಿಟ್ಟುಕೊ. ಮೂಗಿನಿಂದ ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ನಿಧಾನ ಹೊರಗೆ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಬೆಳಿಗ್ಗೆ ಐದು ನಿಮಿಷ, ರಾತ್ರಿ ಐದು ನಿಮಿಷ. ಎದೆಬಡಿತವನ್ನು ಇಳಿಸುವುದು ಹೊರಗೆ ಬಿಡುವ ಉದ್ದನೆಯ ಉಸಿರು. ಗಾಬರಿಯಾದಾಗ 'ಜೋರಾಗಿ ಉಸಿರು ಎಳೆದುಕೊ' ಎನ್ನುವವರ ಮಾತು ಕೇಳಬೇಡ. ಎದೆ ಉಬ್ಬಿಸಿ ಮೇಲಿಂದ ಮೇಲೆ ಎಳೆದರೆ ತಲೆ ಸುತ್ತು ಹೆಚ್ಚುತ್ತದೆ. ಮತ್ತೊಂದು ಮಾತು, ಪರೀಕ್ಷೆಯ ದಿನವೇ ಮೊದಲ ಸಲ ಮಾಡಿದರೆ ಇದು ಕೆಲಸ ಮಾಡುವುದಿಲ್ಲ. ಎರಡು ವಾರವಾದರೂ ರೂಢಿಯಾಗಿರಬೇಕು.

ಇನ್ನು ಕೊಠಡಿಯೊಳಗೆ. ಬರೆಯಲು ಅನುಮತಿ ಸಿಕ್ಕ ಕೂಡಲೇ ಉತ್ತರಪತ್ರಿಕೆಯ ಕೊನೆಯ ಪುಟಕ್ಕೆ 'ಕಚ್ಚಾ ಕೆಲಸ' ಎಂದು ಹಾಕಿ, ಕೈಕೊಡುವ ಸೂತ್ರಗಳನ್ನು ಇಳಿಸಿಬಿಡು: ಶ್ರೇಢಿಯ n ಪದಗಳ ಮೊತ್ತ, ಮಧ್ಯಾಂಕ, ಬಹುಲಕ, ಶಂಕುವಿನ ಘನಫಲ. ಆಮೇಲೆ ಅವನ್ನು ತಲೆಯಲ್ಲಿ ಹೊತ್ತುಕೊಂಡಿರಬೇಕಿಲ್ಲ. ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ಯಾವುದನ್ನೂ ಮನಸ್ಸಿನಲ್ಲಿ ಬಿಡಿಸಲು ಹೋಗಬೇಡ. ಖಂಡಿತ ಬರುವುದು, ಯೋಚಿಸಿದರೆ ಬರುವುದು, ಕೊನೆಗೆ ನೋಡುವುದು ಎಂದು ಮೂರು ಗುಂಪು ಮಾಡಿಕೊ. ಖಂಡಿತ ಬರುವ ನಾಲ್ಕೈದನ್ನು ಮೊದಲು ಬರಿ. ಕೈ ಓಡತೊಡಗಿದರೆ ಎದೆಬಡಿತ ತಾನಾಗಿ ಇಳಿಯುತ್ತದೆ. 80 ಅಂಕಕ್ಕೆ ಮೂರು ಗಂಟೆ ಎಂದರೆ ಒಂದು ಅಂಕಕ್ಕೆ ಎರಡು ನಿಮಿಷ ಚಿಲ್ಲರೆ. ನಾಲ್ಕು ಅಂಕದ ನಕ್ಷೆಯ ಲೆಕ್ಕಕ್ಕೆ ಹತ್ತು ನಿಮಿಷ ಮೀರಿದರೆ ಅಷ್ಟಕ್ಕೆ ನಿಲ್ಲಿಸಿ, ಜಾಗ ಬಿಟ್ಟು ಮುಂದೆ ಹೋಗು. ಹಂತಗಳಿಗೂ ಅಂಕ ಇರುವುದರಿಂದ ಅರ್ಧ ಮಾಡಿದ್ದು ವ್ಯರ್ಥವಾಗುವುದಿಲ್ಲ. ನಡುವೆ ಮತ್ತೆ ತಲೆ ಖಾಲಿಯಾದರೆ ಪೆನ್ನು ಕೆಳಗಿಡು, ಎರಡೂ ಪಾದಗಳನ್ನು ನೆಲಕ್ಕೆ ಒತ್ತು, ಆರು ಉಸಿರು ಎಣಿಸು. ಒಂದು ನಿಮಿಷ ಹೋಯಿತು ಎಂದುಕೊಳ್ಳಬೇಡ, ಗಾಬರಿಯಲ್ಲೇ ಬರೆದರೆ ಹೋಗುವುದು ಅದಕ್ಕಿಂತ ಹೆಚ್ಚು.

ಪ್ರಶ್ನೆ: ದಾವಣಗೆರೆಯ ಹಾಸ್ಟೆಲ್‌ನಲ್ಲಿದ್ದು ನೀಟ್‌ಗೆ ಎರಡನೇ ಸಲ ಓದುತ್ತಿದ್ದೇನೆ. ರಾತ್ರಿ ಎರಡರವರೆಗೆ ಓದಿ ಆರಕ್ಕೆ ಏಳುತ್ತೇನೆ, ನಿದ್ದೆ ಬಾರದಿರಲೆಂದು ಮೂರು ನಾಲ್ಕು ಸಲ ಕಾಫಿ. ಮಾಕ್ ಟೆಸ್ಟ್‌ನಲ್ಲಿ ಅಂಕ ಇಳಿಯುತ್ತಲೇ ಇದೆ, ಟೆಸ್ಟ್ ದಿನ ಕೈ ನಡುಗುತ್ತದೆ. ರೂಮ್‌ಮೇಟ್ ಒಂದು ಮಾತ್ರೆ ಕೊಟ್ಟ, 'ಪರೀಕ್ಷೆಗೆ ಒಂದು ಗಂಟೆ ಮೊದಲು ತಗೋ, ಎದೆಬಡಿತ ನಿಲ್ಲುತ್ತೆ' ಅಂದ. ತಗೊಳ್ಳಬಹುದೇ?

ಉತ್ತರ: ಆ ಮಾತ್ರೆ ತಗೊಳ್ಳಬೇಡಿ. ನೀವು ವಿವರಿಸಿದ ರೀತಿಗೆ ಅದು ಪ್ರೊಪ್ರಾನೊಲಾಲ್ ಇರಬಹುದು. ಎದೆಬಡಿತ ಮತ್ತು ನಡುಕ ಇಳಿಸಲು ವೈದ್ಯರು ಅದನ್ನು ಬರೆದುಕೊಡುವುದುಂಟು, ನಿಜ. ಆದರೆ ಅಸ್ತಮಾ ಇರುವವರಿಗೆ ಅದು ಉಸಿರನ್ನೇ ಕಟ್ಟಿಸಬಹುದು. ಬಿಪಿ ಮೊದಲೇ ಕಡಿಮೆ ಇರುವವರಿಗೆ ತಲೆ ಸುತ್ತು ತರಿಸಬಹುದು. ಇನ್ನು ಗಾಬರಿ ಇಳಿಸಲು ಕೊಡುವ ಆಲ್‌ಪ್ರಜೋಲಮ್ ಜಾತಿಯ ಮಾತ್ರೆಗಳು ಮಂಪರು ತರಿಸುತ್ತವೆ, ಹೊಸದಾಗಿ ಓದಿದ್ದು ನೆನಪಿನಲ್ಲಿ ನಿಲ್ಲುವುದಕ್ಕೇ ಅಡ್ಡಿ ಮಾಡುತ್ತವೆ, ಬೇಗ ಚಟವೂ ಆಗುತ್ತವೆ. ಯಾರ ಕಪಾಟಿನಿಂದ ಬಂದರೂ ಬೇಡ. ಪರೀಕ್ಷೆ ಇಲ್ಲದ ದಿನವೂ ಎದೆ ಹೊಡೆದುಕೊಳ್ಳುತ್ತಿದ್ದರೆ, ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಒಮ್ಮೆ ವೈದ್ಯರಿಗೆ ತೋರಿಸಿ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಕ್ತಹೀನತೆ, ಥೈರಾಯ್ಡ್ ತೊಂದರೆ ಎರಡೂ ಗಾಬರಿಯ ವೇಷದಲ್ಲೇ ಬರುತ್ತವೆ.

ಅಂಕ ಇಳಿಯುತ್ತಿರುವುದಕ್ಕೆ ನಮ್ಮ ದೃಷ್ಟಿಯಲ್ಲಿ ಮೊದಲ ಕಾರಣ ನಿದ್ದೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಾಲ್ಕು ಗಂಟೆ ನಿದ್ದೆ ಮಾಡಿ ಹದಿನಾಲ್ಕು ಗಂಟೆ ಓದಿದರೆ ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಕಾಫಿಯ ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದಾರು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಕುಡಿದದ್ದರಲ್ಲಿ ಅರ್ಧದಷ್ಟು ನಡುರಾತ್ರಿ ಎರಡಕ್ಕೂ ದೇಹದೊಳಗಿರುತ್ತದೆ. ಮಲಗಿದರೂ ಗಾಢ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಕೈ ನಡುಗುವುದರಲ್ಲೂ ಅದರ ಪಾಲಿದೆ. ಕಾಫಿಯನ್ನು ಒಮ್ಮೆಲೇ ಬಿಟ್ಟರೆ ಒಂದೆರಡು ದಿನ ತಲೆನೋವು ಬರುತ್ತದೆ. ಹಾಗಾಗಿ ಮೂರು ದಿನಕ್ಕೊಂದರಂತೆ ಕಡಿಮೆ ಮಾಡಿ, ಕೊನೆಗೆ ಬೆಳಗಿನದೊಂದು, ಮಧ್ಯಾಹ್ನ ಎರಡಕ್ಕೆ ಮೊದಲು ಒಂದು ಇಟ್ಟುಕೊಳ್ಳಿ. ಮಲಗುವ ಹೊತ್ತನ್ನೂ ದಿನಕ್ಕೆ ಹದಿನೈದು ನಿಮಿಷದಂತೆ ಹಿಂದಕ್ಕೆ ತಂದು ಹನ್ನೊಂದಕ್ಕೆ ನಿಲ್ಲಿಸಿ. ರಾತ್ರಿ ಎರಡರಿಂದ ಒಂದೇ ದಿನಕ್ಕೆ ಹತ್ತಕ್ಕೆ ಜಿಗಿಯಲು ಹೋದವರು ಹಾಸಿಗೆಯಲ್ಲಿ ಹೊರಳಾಡಿ, ಸೋತು, ಮತ್ತೆ ಹಳೇ ದಾರಿಗೇ ಬರುತ್ತಾರೆ.

ಹೆಚ್ಚಿನವರು ಗಮನಿಸದ ಇನ್ನೊಂದು ವಿಷಯವಿದೆ. ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5ರವರೆಗೆ, ಮೇ ತಿಂಗಳ ಬಿಸಿಲಿನಲ್ಲಿ. ನಿಮ್ಮ ತಲೆ ಈಗ ಚುರುಕಾಗಿರುವುದು ನಡುರಾತ್ರಿ, ತೂಕಡಿಸುವುದು ಮಧ್ಯಾಹ್ನ. ಕೊನೆಯ ಆರು ವಾರ ಪ್ರತಿ ಮಾಕ್ ಟೆಸ್ಟನ್ನೂ ಎರಡು ಗಂಟೆಗೇ ಕೂತು ಬರೆಯಿರಿ. ಅವತ್ತು ಹನ್ನೆರಡೂವರೆಗೆ ಹಗುರಾದ ಊಟ ಮಾಡಿ: ಒಂದು ಮುದ್ದೆ ಸಾರು, ಇಲ್ಲವೇ ಎರಡು ರೊಟ್ಟಿ ಪಲ್ಯ, ಮಜ್ಜಿಗೆ. ಹೊಟ್ಟೆ ತುಂಬ ಅನ್ನ ತಿಂದು ಕೂತರೆ ಮೂರು ಗಂಟೆಗೆ ಕಣ್ಣು ಎಳೆಯುತ್ತದೆ. ಉತ್ತರಗಳನ್ನು ವೃತ್ತ ತುಂಬುವ ಒಎಂಆರ್ ಹಾಳೆಯಲ್ಲೇ ಗುರುತು ಮಾಡಿ, ಫೋನಿನಲ್ಲಲ್ಲ.

180 ಪ್ರಶ್ನೆಗೆ 180 ನಿಮಿಷ, ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1. ಗಾಬರಿ ಇರುವವರು ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಒಂದು, ಭೌತಶಾಸ್ತ್ರದ ಒಂದು ಲೆಕ್ಕಕ್ಕೆ ಆರು ನಿಮಿಷ ಅಂಟಿಕೊಳ್ಳುವುದು. ಇನ್ನೊಂದು, ಕೊನೆಯ ಹತ್ತು ನಿಮಿಷದಲ್ಲಿ ಸಿಕ್ಕಸಿಕ್ಕ ವೃತ್ತ ತುಂಬುವುದು. ಒಂದು ಪ್ರಶ್ನೆಗೆ ಎರಡು ನಿಮಿಷ ದಾಟಿದರೆ ಬಿಟ್ಟು ಮುಂದೆ ಹೋಗಬೇಕು ಎಂಬುದನ್ನು ಮಾಕ್‌ನಲ್ಲೇ ರೂಢಿ ಮಾಡಿ. ಎರಡು ಆಯ್ಕೆಗಳನ್ನು ಖಚಿತವಾಗಿ ತೆಗೆದುಹಾಕಲು ಬಂದರೆ ಮಾತ್ರ ಊಹೆ ಮಾಡಿ. ಸಿಇಟಿಯ ಲೆಕ್ಕ ಬೇರೆ. ಅಲ್ಲಿ 60 ಪ್ರಶ್ನೆಗೆ 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ.

ಮಾಕ್ ಮುಗಿದ ಮೇಲೆ ಒಟ್ಟು ಅಂಕ ನೋಡಿ ಕುಗ್ಗುವ ಬದಲು ತಪ್ಪುಗಳನ್ನು ಮೂರು ಸಾಲಿಗೆ ಹಾಕಿ: ವಿಷಯವೇ ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪು ಓದಿದೆ, ಸಮಯ ಸಾಲಲಿಲ್ಲ. ಗಾಬರಿಗೆ ಸೇರಿದ್ದು ಎರಡನೇ ಮತ್ತು ಮೂರನೇ ಸಾಲು ಮಾತ್ರ. ಮೊದಲನೇ ಸಾಲೇ ಉದ್ದವಿದ್ದರೆ ಭಯದ ಮೇಲೆ ತಪ್ಪು ಹಾಕಬೇಡಿ, ಆ ಅಧ್ಯಾಯ ಓದಿ.

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು, ನಾಯಕನಹಟ್ಟಿ ಕಡೆ. ಮಗ ಪಿಯುಸಿ ಎರಡನೇ ವರ್ಷ. ಪರೀಕ್ಷೆ ಹೊತ್ತಿಗೇ ಜಾತ್ರೆ, ಮನೆ ತುಂಬ ನೆಂಟರು, ಮೈಕ್ ಸದ್ದು. ಬಂದವರೆಲ್ಲ 'ಎಷ್ಟು ಪರ್ಸೆಂಟ್ ತೆಗೀತೀಯಪ್ಪಾ' ಅಂತ ಕೇಳ್ತಾರೆ. ಅವನು ರೂಮಿನಿಂದ ಹೊರಗೇ ಬರ್ತಿಲ್ಲ. ಅಪ್ಪ ಅಮ್ಮ ಆಗಿ ನಾವೇನು ಮಾಡಬೇಕು?

ಉತ್ತರ: ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿ ಜಾತ್ರೆ ಬರುವುದೂ ಪರೀಕ್ಷೆ ಬರುವುದೂ ನಿಮ್ಮ ಕಡೆ ಜೊತೆಜೊತೆಯೇ. ಜಾತ್ರೆ ನಿಲ್ಲಿಸಲು ಬರುವುದಿಲ್ಲ, ನೆಂಟರನ್ನು ಬೇಡವೆನ್ನಲೂ ಆಗದು. ತೇರಿನ ಮೂರ್ನಾಲ್ಕು ದಿನ ಮಗ ಬೇರೆ ಕಡೆ ಇದ್ದು ಓದುವ ವ್ಯವಸ್ಥೆ ಮಾಡಿ. ಚಳ್ಳಕೆರೆಯಲ್ಲೋ ಚಿತ್ರದುರ್ಗದಲ್ಲೋ ಇರುವ ಅಜ್ಜಿ ಮನೆ, ಚಿಕ್ಕಮ್ಮನ ಮನೆ ಆಗಬಹುದು. ಅವನಿಗೆ ಒಪ್ಪಿಗೆಯಿದ್ದರೆ ಮಾತ್ರ. ತೇರಿನ ದಿನ ಬರುತ್ತೇನೆ ಎಂದರೆ ಬರಲಿ, ಅರ್ಧ ದಿನದಲ್ಲಿ ಏನೂ ಕಳೆದುಹೋಗುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳೇ ಹೇಳುತ್ತವೆ. ಹಬ್ಬ ಜಾತ್ರೆಗೆಂದು ಸರ್ಕಾರ ವರ್ಷದಲ್ಲಿ ಕೆಲವು ದಿನ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು, ಅದರಾಚೆಗೆ ಇಲ್ಲ. ಬೀದಿಯಲ್ಲಿ ಪರೀಕ್ಷೆ ಬರೆಯುವ ಮಕ್ಕಳ ಪಾಲಕರು ನಾಲ್ಕು ಜನ ಸೇರಿ ಸಮಿತಿಯವರಲ್ಲಿ ಮೊದಲೇ ಮಾತಾಡಿ. ಜಗಳವಾದ ಮೇಲೆ ಹೇಳುವುದಕ್ಕಿಂತ ಅದು ನಡೆಯುತ್ತದೆ.

ನೆಂಟರ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಮಗನಲ್ಲ, ನೀವು. 'ಓದ್ಕೊಂತಿದಾನೆ ಅಣ್ಣಾ, ಮುಗೀಲಿ ಆಮೇಲೆ ಮಾತಾಡಿಸು' ಎಂದು ಬಾಗಿಲಲ್ಲೇ ಮಾತು ತಿರುಗಿಸಿ. ನಿಮ್ಮ ಮಾತಿನಲ್ಲೂ ಅಂಕ ಬೇಡ. 'ಓದಿದ್ಯಾ' ಎಂದು ದಿನಕ್ಕೆ ಹತ್ತು ಸಲ ಕೇಳುವುದು, ಪಕ್ಕದ ಮನೆಯ ಹುಡುಗಿಯ ಅಂಕ ಹೇಳುವುದು, 'ನಿನ್ನ ಫೀಜಿಗೆ ಎಷ್ಟು ಸಾಲ ಮಾಡೀವಿ ಗೊತ್ತಾ' ಎನ್ನುವುದು, ಇವು ಮೂರೂ ನಿಲ್ಲಬೇಕು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಆ ಸಾಲ ಪರೀಕ್ಷಾ ಕೊಠಡಿಯಲ್ಲಿ ಅವನ ಪಕ್ಕದಲ್ಲೇ ಬಂದು ಕೂರುತ್ತದೆ. ಬದಲಿಗೆ 'ಊಟಕ್ಕೆ ಬಾ', 'ಯಾವ ಸಬ್ಜೆಕ್ಟ್ ಕಷ್ಟ ಆಗ್ತಿದೆ, ಯಾರನ್ನಾದ್ರೂ ಕೇಳಾಣ?' ಎನ್ನಿ. 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಅದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದನ್ನು ಅವನಿಗೆ ಈಗಲೇ, ಸಮಾಧಾನದಿಂದ, ನೀವೇ ಹೇಳಿ. ಪಾಲಕರ ಬಾಯಿಂದ ಬಂದಾಗ ಅದರ ತೂಕ ಬೇರೆ.

ಒಂದು ಪತ್ರಿಕೆ ಮುಗಿಸಿ ಬಂದ ದಿನ ಕೀ ಉತ್ತರ ನೋಡಿ ಅಂಕ ಕೂಡಿಸಲು ಬಿಡಬೇಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುವ ಕೀ ಎಷ್ಟೋ ಸಲ ತಪ್ಪಿರುತ್ತದೆ. ಸರಿಯಿದ್ದರೂ ಮುಂದಿನ ಪತ್ರಿಕೆಯ ಓದು ಕೆಡುತ್ತದೆ.

ಪ್ರಶ್ನೆ: ಪರೀಕ್ಷೆಗೆ ಕೂತರೆ ಅಂಗೈ ಬೆವರಿ ಉತ್ತರಪತ್ರಿಕೆ ಒದ್ದೆಯಾಗುತ್ತೆ. ಹೊರಡುವ ಮುಂಚೆ ನಾಲ್ಕು ಸಲ ಶೌಚಕ್ಕೆ ಹೋಗಬೇಕಾಗುತ್ತೆ. ನಮ್ಮೂರಿಂದ ಹೊಸದುರ್ಗದ ಕೇಂದ್ರಕ್ಕೆ ಬಸ್ಸಲ್ಲೇ ಹೋಗಬೇಕು, ದಾರೀಲಿ ಏನಾಗುತ್ತೋ ಅಂತಾನೇ ಭಯ.

ಉತ್ತರ: ಭಯಕ್ಕೆ ಕರುಳು ಬೇಗ ಸ್ಪಂದಿಸುತ್ತದೆ. ಪರೀಕ್ಷೆಯ ದಿನ ಎದ್ದ ಕೂಡಲೇ ಒಂದು ಲೋಟ ಬೆಚ್ಚಗಿನ ನೀರು ಕುಡಿದು, ಹೊರಡುವುದಕ್ಕೆ ಎರಡು ಗಂಟೆ ಮೊದಲೇ ತಿಂಡಿ ಮುಗಿಸು. ಇಡ್ಲಿ, ಮೊಸರನ್ನ, ಬಾಳೆಹಣ್ಣು ಆಗಬಹುದು. ಹಾಲು, ಕಾಫಿ, ಖಾರದ ಮಂಡಕ್ಕಿ, ಮಿರ್ಚಿ ಅವತ್ತಿಗೆ ಬೇಡ. ಖಾಲಿ ಹೊಟ್ಟೆಯೂ ಬೇಡ, ನಡುಕ ಹೆಚ್ಚುತ್ತದೆ. ಹಿಡಿಯಬೇಕಾದ ಬಸ್ಸಿಗಿಂತ ಒಂದು ಬಸ್ ಮುಂಚೆ ಹೊರಡು. ಪರೀಕ್ಷೆಗೆ ಎರಡು ದಿನ ಮೊದಲು ಒಮ್ಮೆ ಕೇಂದ್ರಕ್ಕೆ ಹೋಗಿ ಕೊಠಡಿ, ಶೌಚಾಲಯ, ಕುಡಿಯುವ ನೀರು ಎಲ್ಲಿವೆ ನೋಡಿಕೊಂಡು ಬಾ. ಶೌಚಾಲಯ ಎಲ್ಲಿದೆ ಎಂದು ಗೊತ್ತಿದ್ದರೇ ಅರ್ಧ ಗಾಬರಿ ಇಳಿಯುತ್ತದೆ.

ಅಂಗೈಗೆ ಎರಡು ಹತ್ತಿಯ ಕರ್ಚೀಫು ಇಟ್ಟುಕೊ. ಒಂದು ಕೈ ಒರೆಸಲು, ಇನ್ನೊಂದನ್ನು ಮಡಚಿ ಬರೆಯುವ ಕೈಯಡಿ ಹಾಸಲು. ಜೆಲ್ ಪೆನ್ ಒದ್ದೆಗೆ ಹರಡುತ್ತದೆ, ಬಾಲ್‌ಪೆನ್ ತಗೋ. ಪೆನ್ನನ್ನು ಬಿಗಿಯಾಗಿ ಹಿಡಿದಷ್ಟೂ ಬೆವರು, ನೋವು ಹೆಚ್ಚು. ಪ್ರತಿ ಪುಟ ತಿರುಗಿಸುವಾಗ ಮುಷ್ಟಿಯನ್ನು ಐದು ಎಣಿಸುವಷ್ಟು ಬಿಗಿಮಾಡಿ, ಹತ್ತು ಎಣಿಸುವಷ್ಟು ಸಡಿಲ ಬಿಡು.

ಪ್ರಶ್ನೆ: ಹರಿಹರ ತಾಲ್ಲೂಕಿನಿಂದ ಒಬ್ಬ ತಾಯಿ. ಮಗಳು ಹದಿನೈದು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ, ನಿದ್ದೆ ಇಲ್ಲ, ಗೆಳತಿಯರ ಜೊತೆ ಮಾತಿಲ್ಲ. ಮೊನ್ನೆ 'ನಾನು ಇಲ್ಲದಿದ್ರೇ ನಿಮಗೆ ನಿರಾಳ' ಅಂದಳು. ಇದೂ ಪರೀಕ್ಷೆ ಭಯಾನೇನಾ? ಕೇಳಿದ್ರೆ ಇನ್ನೂ ಹೆಚ್ಚಾಗುತ್ತಾ?

ಉತ್ತರ: ಅಮ್ಮಾ, ಇದನ್ನು ಪರೀಕ್ಷೆ ಭಯ ಎಂದು ಬಿಡಬೇಡಿ. ಪರೀಕ್ಷೆ ಮುಗಿಯಲಿ ನೋಡೋಣ ಎಂದೂ ಕಾಯಬೇಡಿ. ಇವತ್ತೇ, ಬೇರೆಯವರಿಲ್ಲದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: 'ಸಾಯಬೇಕು ಅನ್ನಿಸ್ತಿದೆಯಾ, ಪುಟ್ಟಾ?' ಕೇಳುವುದರಿಂದ ಆ ಯೋಚನೆ ಹುಟ್ಟುವುದೂ ಇಲ್ಲ, ಹೆಚ್ಚುವುದೂ ಇಲ್ಲ. ಒಳಗೇ ಇಟ್ಟುಕೊಂಡದ್ದನ್ನು ಹೇಳಲು ದಾರಿಯಾಗುತ್ತದೆ. ಹೇಳಿದಾಗ ಬೈಯಬೇಡಿ, ಅಳಬೇಡ ಎನ್ನಬೇಡಿ, ದೇವರ ಆಣೆ ಹಾಕಿಸಿಕೊಳ್ಳಬೇಡಿ. ಪೂರ್ತಿ ಕೇಳಿಸಿಕೊಳ್ಳಿ.

ಅವಳನ್ನು ಒಬ್ಬಳೇ ಬಿಡಬೇಡಿ, ರಾತ್ರಿ ಯಾರಾದರೂ ಜೊತೆಗೆ ಮಲಗಿ. ಹೊಲಕ್ಕೆ ಹೊಡೆಯುವ ಔಷಧಿ, ಅಜ್ಜ ಅಜ್ಜಿಯ ಮಾತ್ರೆಗಳು ಮನೆಯಲ್ಲಿದ್ದರೆ ಈ ಹೊತ್ತೇ ಅಲ್ಲಿಂದ ತೆಗೆಸಿ, ಬೇರೆ ಕಡೆ ಬೀಗ ಹಾಕಿ ಇಡಿಸಿ. 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ. ನೀವೂ ಮಾಡಬಹುದು, ಮಗಳೂ ಮಾಡಬಹುದು. ನಾಳೆಯೇ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ, ಮನೋವೈದ್ಯರಿಗೆ ತೋರಿಸಬೇಕೆಂದು ಕೇಳಿ. ಊಟ, ನಿದ್ದೆ, ಮಾತು ಮೂರೂ ಎರಡು ವಾರ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಹೋಗುವಾಗ ಯಾವತ್ತಿನಿಂದ ಊಟ ಬಿಟ್ಟಳು, ಎಷ್ಟು ಗಂಟೆ ನಿದ್ದೆ ಮಾಡುತ್ತಾಳೆ, ಏನೇನು ಅಂದಳು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರ ಮುಂದೆ ಕೂತಾಗ ಗಾಬರಿಗೆ ಮರೆಯುತ್ತದೆ. ಈ ಸಲದ ಪರೀಕ್ಷೆ ಬರೆಯಬೇಕೋ ಬೇಡವೋ ಎಂಬುದನ್ನು ವೈದ್ಯರು ನೋಡಿದ ಮೇಲೆ, ಮಗಳನ್ನೂ ಕೇಳಿ ತೀರ್ಮಾನಿಸಿ.